ಸೋಸಲೆ ಗೌಡರ ಪಿತ್ತದ ಚೀಲ

ಸಿಂಚನಾ, ಧನುಷ್,

ಇದನ್ನು ನಿಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಇಬ್ಬರ ಮುಂದೆಯೂ ಅಷ್ಟೇ. ಸಿಂಚನಾ ನರ್ಸಿಂಗ್ ಸೇರಿದ ದಿನ “ಅಜ್ಜಿ, ನಿನ್ನ ಕೆಲಸ ಹೇಗಿತ್ತು?” ಎಂದು ಕೇಳಿದಾಗ “ಚೆನ್ನಾಗಿತ್ತು ಕಣಮ್ಮ” ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ಮೂವತ್ತು ವರ್ಷಕ್ಕೂ ಮೀರಿದ ಕೆಲಸಕ್ಕೆ ಅದು ಉತ್ತರವಲ್ಲ ಎಂದು ಅಕ್ಕಿ ತೊಳೆಯುವಾಗಲೇ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದೇವನೂರಿನ ಶಾಲೆಯಲ್ಲಿ ಓದಿದವಳು. ನಿಮ್ಮ ತಾತ ತೀರಿಕೊಂಡ ಮೇಲೆ ತರಬೇತಿ ಮುಗಿಸಿ ನಂಜನಗೂಡಿನ ಒಂದು ಆಸ್ಪತ್ರೆಗೆ ಸೇರಿದೆ. ಅದರ ಹೆಸರು ಬೇಡ. ಅಲ್ಲಿ ನಾನು ಮಾಡಿದ ತಪ್ಪು ನನ್ನದು, ಆಸ್ಪತ್ರೆಯದಲ್ಲ. ಸೇರಿದ ದಿನ ದೊಡ್ಡ ಸಿಸ್ಟರ್ ನನ್ನ ಹೆಸರು ಕೇಳಿದರು. ನಾನು “ಪುಟ್ಟತಾಯಿ” ಎಂದದ್ದು ಅವರಿಗೆ ಮೂರು ಸಲವೂ ಕೇಳಿಸಲಿಲ್ಲ. ನಾಲ್ಕನೆಯ ಸಲ ಕಾಗದದ ಮೇಲೆ ಬರೆದು ತೋರಿಸಿದೆ. “ಮೂಗೀನ ಕಳಿಸವ್ರಲ್ಲ” ಎಂದು ಅವರು ಆಯಾ ಹತ್ತಿರ ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು. ಆಮೇಲೆ ಯಾವಾಗ ಯಾವ ಬಡ್ತಿ ಬಂತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಯಾವ ರೋಗಿಯ ಜ್ವರವೂ ಇಳಿಯಲಿಲ್ಲ.

ನಾನು ಹೇಳಬೇಕೆಂದಿರುವುದು ಪಿತ್ತಕೋಶದ ವಿಷಯ. ಬಲಪಕ್ಕೆಯ ಹತ್ತಿರ, ಲಿವರಿನ ಅಡಿಯಲ್ಲಿ ಒಂದು ಪುಟ್ಟ ಚೀಲವಿದೆ. ಕಲ್ಲು ಸಿಕ್ಕಿಕೊಂಡು ಅದರ ಬಾಯಿ ಕಟ್ಟಿತೆಂದರೆ ಚೀಲ ಊದಿ, ಒಳಗೆ ಕೀವಾಗಿ, ಜ್ವರ ಏರುತ್ತದೆ. ಗಟ್ಟಿಮುಟ್ಟಾದವರಿಗೆ ಆಪರೇಷನ್ ಮಾಡಿ ಚೀಲವನ್ನೇ ತೆಗೆದುಬಿಡುತ್ತಾರೆ. ಹೃದಯ ಸೋತ ಮುದುಕರಿಗೆ, ಪ್ರಜ್ಞೆ ತಪ್ಪಿಸಿದರೆ ಮತ್ತೆ ಏಳುತ್ತಾರೋ ಇಲ್ಲವೋ ಎನ್ನುವವರಿಗೆ ಏನು ಮಾಡುವುದು? ನಾನು ಸೇರಿದ ಕಾಲದಲ್ಲಿ ಬಾಯಿಗೆ ಏನೂ ಕೊಡದೆ, ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು ಕಾಯುತ್ತಿದ್ದೆವು. ನಮ್ಮ ಸರ್ಜನ್ ಡಾಕ್ಟರ್ ಗುರುಮೂರ್ತಿ ಗಳಿಗೆಗೊಮ್ಮೆ ಬಂದು ಹೊಟ್ಟೆ ಒತ್ತಿ ನೋಡುವರು. ರೋಗಿ “ಅಯ್ಯಯ್ಯಪ್ಪೋ” ಎಂದರೆ ನಮ್ಮ ಮೇಲೆ ಕೂಗಾಡಿ ಹೋಗುವರು. ಕೆಲವರು ಉಳಿದರು. ಕೆಲವರು ಉಳಿಯಲಿಲ್ಲ.

ಆಮೇಲೆ ಮೈಸೂರಿನಿಂದ ಡಾಕ್ಟರ್ ರೇಷ್ಮಾ ಬರತೊಡಗಿದರು. ಸ್ಕ್ಯಾನಿಂಗ್ ಡಾಕ್ಟರು, ನಿಮ್ಮ ಅಮ್ಮನ ವಯಸ್ಸು. ಅವರು ರೋಗಿಯನ್ನು ಮಲಗಿಸಿ, ಪಕ್ಕೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗ್ ಪರದೆಯ ಮೇಲೆ ಕಣ್ಣಿಟ್ಟುಕೊಂಡು ಒಂದು ಉದ್ದನೆಯ ಸೂಜಿಯನ್ನು ನೇರವಾಗಿ ಪಿತ್ತಕೋಶಕ್ಕೆ ಇಳಿಸುತ್ತಿದ್ದರು. ಸೂಜಿಯೊಳಗೆ ತೆಳ್ಳನೆ ತಂತಿ, ತಂತಿಯ ಮೇಲೆ ಒಂದು ನಳಿಗೆ. ನಳಿಗೆಯ ತುದಿ ಒಳಗೆ ಹೋದ ಮೇಲೆ ಸುರುಳಿ ಸುತ್ತಿಕೊಂಡು ಕೂರುತ್ತದೆ. ಹೊರಗಿನ ತುದಿಗೊಂದು ಪ್ಲಾಸ್ಟಿಕ್ ಚೀಲ. ಕೆಟ್ಟ ಪಿತ್ತವೆಲ್ಲ ಅದಕ್ಕೆ ಇಳಿಯುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಎಷ್ಟೋ ಜನ ಮಧ್ಯೆ ಮಧ್ಯೆ ಮಾತೂ ಆಡುತ್ತಿದ್ದರು. ಗುರುಮೂರ್ತಿ ಸಾಹೇಬರು ಮೊದಲ ದಿನ “ಇದೇನು ಎಳನೀರಿಗೆ ಸ್ಟ್ರಾ ಹಾಕಿದಂಗೆ!” ಎಂದು ನಕ್ಕಿದ್ದರು. ಮೂರನೆಯ ರೋಗಿ ನಡೆದುಕೊಂಡು ಮನೆಗೆ ಹೋದ ಮೇಲೆ ಬಂದವರಿಗೆಲ್ಲ “ನಮ್ಮಲ್ಲಿ ಇದನ್ನ ಮಾಡ್ತೀವಿ” ಎಂದು ಹೇಳತೊಡಗಿದರು.

ಮೊದಲ ರೋಗಿಯಲ್ಲೇ ಒಂದು ಎಡವಟ್ಟಾಯಿತು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಪಿತ್ತದ ಚೀಲ ಡ್ರಿಪ್ ಸ್ಟ್ಯಾಂಡಿನ ತುದಿಯಲ್ಲಿ, ಸಲೈನ್ ಬಾಟಲಿಯ ಪಕ್ಕದಲ್ಲಿ ನೇತಾಡುತ್ತಿತ್ತು. “ನೆಲದ ತಾವ ಇತ್ತು ಕಣಕ್ಕ, ಯಾರಾರ ತುಳಿದಾರು ಅಂತ ಮ್ಯಾಕೆ ಹಾಕ್ದೆ” ಎಂದಳು ಆಯಾ. ಹೊರಗೆ ಬಂದ ಪಿತ್ತ ಮತ್ತೆ ಒಳಗೆ ಇಳಿಯುತ್ತಿತ್ತು. ಓಡಿ ಹೋಗಿ ಕೆಳಗಿಳಿಸಿದೆ. ಸಿಂಚನಾ, ಇದನ್ನು ನಿನಗೆ ಪಾಠದಲ್ಲಿ ಹೇಳಿಕೊಟ್ಟೇ ಕೊಡುತ್ತಾರೆ, ಆದರೂ ಹೇಳುತ್ತೇನೆ: ಡ್ರಿಪ್ ಮೇಲಿರಬೇಕು, ಪಿತ್ತದ ಚೀಲ ಹೊಟ್ಟೆಗಿಂತ ಕೆಳಗಿರಬೇಕು. ಅಂದಿನಿಂದ ನಾನು ಮಂಚದ ಕೆಳಗಿನ ಕಂಬಿಗೆ ಕೆಂಪು ದಾರ ಕಟ್ಟಿ, ಚೀಲದ ಜಾಗ ಇದೇ ಎಂದು ಗುರುತು ಮಾಡಿದೆ.

ಇನ್ನು ಸೋಸಲೆಯ ಸಿದ್ದೇಗೌಡರ ಕಥೆ. ನನ್ನ ಕೆಲಸದ ಕೊನೆಯ ವರ್ಷಗಳದ್ದು.

ಸಿದ್ದೇಗೌಡರ ಮೊಮ್ಮಗನ ಮದುವೆಯಾಗಿತ್ತು. ಹೆಣ್ಣು ನಂಜನಗೂಡಿನ ಪಕ್ಕದ ಹಳ್ಳಿಯವಳು. ಹೆಣ್ಣಿನ ಅಪ್ಪ ಕೆಂಪಣ್ಣ ಊರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಅವನ ಮನೆಯಲ್ಲಿ ಬೀಗರ ಊಟ. ಎಂಬತ್ತರ ಹತ್ತಿರದ ಗೌಡರು, ಎರಡು ಸಲ ಹೃದಯಾಘಾತ ಆದವರು, ಸಕ್ಕರೆ ಕಾಯಿಲೆಯವರು, ಬಾಡಿನ ಸಾರಿನಲ್ಲಿ ಮುದ್ದೆ ಹೊರಳಿಸಿ ಹೊರಳಿಸಿ ಉಂಡರು. ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದರು. ಸೋಸಲೆಯವರೆಗೆ ಹೋಗುವ ಸ್ಥಿತಿ ಇರಲಿಲ್ಲ. ಹತ್ತಿರದ ನಮ್ಮಲ್ಲಿಗೆ ಕರೆತಂದರು.

ಜೊತೆಗೆ ಅವರ ಹೆಂಡತಿ ಕಾಳಮ್ಮ. ಸ್ಟ್ರೆಚರ್ ಒಳಗೆ ಬರುವ ಮೊದಲೇ ಆಕೆಯ ಗಂಟಲು ಬಂತು. “ಮದ್ದು ಹಾಕವ್ರೆ ಕಣವ್ವೋ! ಬೀಗರ ಮನೇಲಿ ಸಾರಿಗೆ ಮದ್ದು ಹಾಕವ್ರೆ!”

ಮದ್ದು ಎಂದರೆ ಔಷಧಿಯಲ್ಲ. ಆಗದವರು ಊಟದಲ್ಲಿ ಏನನ್ನೋ ಬೆರೆಸಿ ತಿನ್ನಿಸಿಬಿಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ನಮ್ಮ ಕಡೆ ನಂಬುವವರಿದ್ದಾರೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ಈ ಅಪವಾದ ಹೊತ್ತವರ ಮನೆಯಲ್ಲಿ ಆಮೇಲೆ ಯಾರೂ ನೀರು ಕೂಡ ಕುಡಿಯುವುದಿಲ್ಲ.

ಕೆಂಪಣ್ಣ ಬಾಗಿಲ ಹತ್ತಿರ ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಊಟ ಬಡಿಸಿದ ಸಾರಿನ ಕಲೆ ಇನ್ನೂ ಅಂಗಿಯ ಮೇಲೇ ಇತ್ತು. ಮಗಳು ಆ ಮನೆಗೆ ಹೋಗಿ ವಾರವಾಗಿರಲಿಲ್ಲ. ಗೌಡರಿಗೆ ಏನಾದರೂ ಆದರೆ ಅವಳು ಬದುಕಿರುವವರೆಗೂ ಮಾವನ ಅಪ್ಪನನ್ನು ಕೊಂದ ಮನೆಯವಳು ಎನ್ನಿಸಿಕೊಳ್ಳುತ್ತಾಳೆ. ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸಿಸ್ಟ್ರಮ್ಮ, ನಾವೆಲ್ಲ ಅದೇ ಸಾರೇ ಉಂಡದ್ದು. ಈ ಯಜಮಾನ್ರು ಎದ್ದು ಕೂರಂಗೆ ಮಾಡ್ಬುಡಿ. ಇಲ್ದಿದ್ರೆ ನನ್ ಮಗಳು ಆ ಮನೇಲಿ ಬಾಳಂಗಿಲ್ಲ.”

ಸ್ಕ್ಯಾನಿಂಗ್‌ನಲ್ಲಿ ಕಲ್ಲೂ ಕಂಡಿತು, ಊದಿದ ಪಿತ್ತಕೋಶವೂ ಕಂಡಿತು. ಎರಡು ದಿನ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಅರಿವಳಿಕೆ ಡಾಕ್ಟರು ಹೃದಯದ ವರದಿ ನೋಡಿ ಕೈ ಮುಗಿದುಬಿಟ್ಟರು. ಗುರುಮೂರ್ತಿ ಸಾಹೇಬರು ರೇಷ್ಮಾ ಡಾಕ್ಟರಿಗೆ ಫೋನ್ ಮಾಡಿದರು.

ರೇಷ್ಮಾ ಡಾಕ್ಟರು ನಳಿಗೆಯನ್ನು ಗೌಡರಿಗೆ ತೋರಿಸಿ, “ಇದರ ತುದಿ ಹಂದಿ ಬಾಲದ ಥರ ಸುತ್ತಿಕೊಳ್ಳುತ್ತೆ ತಾತ, ಹೊರಗೆ ಜಾರಲ್ಲ” ಎಂದು ವಿವರಿಸಿದರು.

ಗೌಡರು ಜ್ವರದಲ್ಲೂ ತಲೆ ಎತ್ತಿದರು. “ಹಂದಿ ಬಾಲವಾ? ಕುರಿಯದ್ದು ಇಲ್ವಾ ತಾಯಿ?”

ಮೊದಲ ಸಲ ನಳಿಗೆಯಲ್ಲಿ ಬಂದದ್ದು ಕಪ್ಪಗೆ, ಮಂದವಾಗಿ, ನಾರುತ್ತಿತ್ತು. ಸ್ವಲ್ಪವನ್ನು ಲ್ಯಾಬಿಗೆ ಕಳಿಸಿ, ಗೌಡರನ್ನು ವಾರ್ಡಿಗೆ ತಂದೆವು. ಕಾಳಮ್ಮ ಬಗ್ಗಿ ಚೀಲ ನೋಡಿ ಎರಡೂ ಕೈ ಎತ್ತಿದರು. “ಬಂತು ನೋಡ್ರಪ್ಪಾ ಮದ್ದು! ಕಣ್ಣಾರೆ ನೋಡ್ಕಳಿ!”

“ಅದು ಪಿತ್ತ, ಅಮ್ಮ” ಎಂದೆ. ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಅಲ್ಲಿಂದ ಶುರುವಾಯಿತು ಜಾತ್ರೆ. ಸೋಸಲೆಯಿಂದ, ತಿ. ನರಸೀಪುರದಿಂದ ಬಸ್ಸಿಳಿದು ಬಂದ ನೆಂಟರು ಗೌಡರ ಮುಖ ನೋಡುವ ಮೊದಲು ಮಂಚದ ಕೆಳಗೆ ಬಗ್ಗಿ ಚೀಲ ನೋಡುತ್ತಿದ್ದರು. “ಎಷ್ಟು ಹಾಕವ್ರಪ್ಪಾ ಪಾಪಿಗಳು!” ಎಂದು ಲೊಚಗುಟ್ಟುತ್ತಿದ್ದರು. ಪಕ್ಕದ ವಾರ್ಡಿನ ರೋಗಿಗಳೂ ಬಂದರು. ಒಬ್ಬ ಹೆಂಗಸು ತನ್ನ ಸೊಸೆ ಹಾಕಿರುವ ಮದ್ದನ್ನೂ ಹೀಗೇ ತೆಗೆಯಬಹುದೇ ಎಂದು ಗುರುಮೂರ್ತಿ ಸಾಹೇಬರನ್ನೇ ಕೇಳಿಬಿಟ್ಟಳು. ಅವರು ಕೂಗಾಡಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು.

ಕೆಂಪಣ್ಣನೂ ದಿನಾ ಬೆಳಿಗ್ಗೆ ಡೇರಿ ಕೆಲಸ ಮುಗಿಸಿ ನೇರವಾಗಿ ಬರುತ್ತಿದ್ದ. ಅಂಗಿ ಜೇಬಿನಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರು ಟವೆಲ್ಲಿನಲ್ಲಿ ಸುತ್ತಿ ಇರುತ್ತಿತ್ತು. ಕಾಳಮ್ಮ ಅವನನ್ನು ಕಂಡು ಸೆರಗು ಹೊದ್ದು ಗೋಡೆಯ ಕಡೆ ತಿರುಗಿಬಿಡುವರು. ಅವನು ಯಾರಿಗೂ ಎದುರಾಡದೆ ಕುಕ್ಕರುಗಾಲಿನಲ್ಲಿ ಕೂತು ಚೀಲವನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸಿ, ನೊರೆ ನೋಡಿ, ಹೋಗುವನು. ತನ್ನ ಮನೆಯ ಸಾರಿನಲ್ಲಿ ಏನೂ ಇರಲಿಲ್ಲ ಎಂಬುದಕ್ಕೆ ಅದರಲ್ಲೇನಾದರೂ ಸಾಕ್ಷಿ ಸಿಗುತ್ತದೆಂದು ಅವನ ಆಸೆ. ಗೌಡರಿಗೆ ಮಾತ್ರ ಅವನ ಮೇಲೆ ಕೋಪವಿರಲಿಲ್ಲ. “ಬೀಗ್ರೇ, ಮದ್ದು ಹಾಕಿದ್ರೋ ಇಲ್ವೋ, ಸಾರು ಮಾತ್ರ ಬಲೇ ರುಚಿಯಾಗಿತ್ತು” ಎಂದರು ಒಂದು ದಿನ.

“ನೀವು ಇಂಗಂದ್ರೆ ನಂಗೆ ನೇಣೇ ಗತಿ ಬೀಗ್ರೇ” ಎಂದ ಕೆಂಪಣ್ಣ.

ಜ್ವರ ಎರಡೇ ದಿನದಲ್ಲಿ ಇಳಿಯಿತು. ಗೌಡರು ಗಂಜಿ ಕೇಳಿದರು, ಆಮೇಲೆ ಮುದ್ದೆ ಕೇಳಿದರು, ಆಮೇಲೆ ಎದ್ದು ಓಡಾಡತೊಡಗಿದರು. ಓಡಾಡುವಾಗ ಚೀಲ ಕಾಲಿಗೆ ಬಡಿಯುತ್ತದೆಂದು ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಅದು ನಮಗೆ ಆಮೇಲೆ ಗೊತ್ತಾಯಿತು.

ನನ್ನ ತಪ್ಪು ಹೇಳುವ ಜಾಗ ಇದು. ನಳಿಗೆ ಕಟ್ಟಿಕೊಳ್ಳದಿರಲಿ ಎಂದು ಬೆಳಿಗ್ಗೆ ಹತ್ತು, ಸಂಜೆ ಹತ್ತು ಮಿಲಿ ಸಲೈನ್ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಒಳಕ್ಕೆ ತಳ್ಳಬೇಕು. ಆ ನೀರೂ ಕೊನೆಗೆ ಚೀಲಕ್ಕೇ ಬರುತ್ತದೆ. ಚೀಲದಲ್ಲಿ ದಿನಕ್ಕೆ ಎಷ್ಟು ಬಂತೆಂದು ಚಾರ್ಟಿನಲ್ಲಿ ಬರೆಯಬೇಕು. ಮೂತ್ರದ ಚೀಲ ನೋಡಿ ನೋಡಿ ರೂಢಿಯಾದ ನಾನು ಚೀಲದಲ್ಲಿದ್ದಷ್ಟನ್ನೂ ಬರೆಯುತ್ತಿದ್ದೆ. ನಾವು ಹಾಕಿದ ಇಪ್ಪತ್ತನ್ನು ಕಳೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೊದಲ ದಿನಗಳಲ್ಲಿ ಇನ್ನೂರು, ನೂರೈವತ್ತು ಬರುವಾಗ ಇಪ್ಪತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಐದನೆಯ ದಿನ ಇಪ್ಪತ್ತು ಬಂತು. ಆರನೆಯ ದಿನವೂ ಇಪ್ಪತ್ತು. ಸಾಹೇಬರು ಚಾರ್ಟ್ ನೋಡಿ “ಕಮ್ಮಿಯಾಗ್ತಾ ಬಂತು, ಗುಡ್” ಎಂದರು. ಏಳನೆಯ ದಿನ ನಳಿಗೆಯ ಸಮೇತ ಮನೆಗೆ ಕಳಿಸಿ, ಕೆಲವು ವಾರ ಬಿಟ್ಟು ಕರೆಸಿಕೊಳ್ಳುವುದೆಂದು ಆಯಿತು.

ಆ ದಿನ ಬೆಳಿಗ್ಗೆ ಹೊರಗೆ ಕಾರು ಬಂದು ನಿಂತಿತ್ತು. ಕಾಳಮ್ಮ ಗಂಟು ಕಟ್ಟುತ್ತಿದ್ದರು. ಗೌಡರು ಮಾತ್ರ ತಿಂಡಿ ಬೇಡವೆಂದು ಮಲಗಿದ್ದರು. ಕೆಂಪಣ್ಣ ಎಂದಿನಂತೆ ಚೀಲ ಹಿಡಿದು ನೋಡಿದ. ಮತ್ತೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಸಿಸ್ಟ್ರಮ್ಮ, ತಪ್ಪು ತಿಳ್ಕಬೇಡಿ. ಇದ್ರಲ್ಲಿ ನೀರದೆ.”

ನನಗೆ ರೇಗಿತು. “ಏನಪ್ಪಾ, ಆಸ್ಪತ್ರೆಯವರು ಪಿತ್ತಕ್ಕೆ ನೀರು ಬೆರೆಸ್ತಾರಾ?”

“ನೀವು ಬೆರೆಸ್ತೀರಿ ಅಂತ ನಾ ಅಂದ್ನಾ? ಹಾಲು ತರೋ ಹೆಂಗಸ್ರೂ ಇಂಗೇ ಅಂತಾರೆ, ‘ನಾನ್ಯಾಕೆ ಬೆರೆಸ್ಲಿ’ ಅಂತ. ಲ್ಯಾಕ್ಟೋಮೀಟ್ರು ಬುಡೋಣ ಅಂದ್ರೆ ಇಷ್ಟರಲ್ಲಿ ತೇಲಕ್ಕಿಲ್ಲ. ಕಣ್ಣಲ್ಲೇ ಕಾಣ್ತದೆ ನೋಡಿ. ಮೂರು ದಿನದ ಕೆಳಗೆ ಗಟ್ಟಿಯಾಗಿತ್ತು. ನಿನ್ನೆ, ಇವತ್ತು ಬರೀ ನೀರು, ಬಣ್ಣಕ್ಕೆ ಚೂರು ಅದೆ.”

ಕಾಳಮ್ಮ ಗೋಡೆಯ ಕಡೆಯಿಂದಲೇ “ಮದ್ದಾಕಿದ ಕೈಗೆ ಇನ್ನ ಪರೀಕ್ಸೆ ಬೇರೆ ಕೇಡು!” ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಗಬೇಕೆಂದಿದ್ದೆ. ಆಗ ನನ್ನ ಬಲಗೈಯಲ್ಲಿ ಏನಿತ್ತು ಗೊತ್ತೇ? ಬೆಳಗಿನ ಹತ್ತು ಮಿಲಿ ನೀರು ತುಂಬಿದ ಸಿರಿಂಜು.

ಬೆರೆಸುತ್ತಿದ್ದವಳು ನಾನೇ.

ಚಾರ್ಟ್ ತೆಗೆದು ನೋಡಿದೆ. ನನ್ನದೇ ದುಂಡು ಅಕ್ಷರ. ಇಪ್ಪತ್ತರಲ್ಲಿ ಇಪ್ಪತ್ತು ಹೋದರೆ ಏನೂ ಇಲ್ಲ. ಎರಡು ದಿನದಿಂದ ಒಂದು ಹನಿ ಪಿತ್ತವೂ ಹೊರಗೆ ಬಂದಿರಲಿಲ್ಲ, ನಾವು ಹಾಕಿದ ನೀರೇ ವಾಪಸ್ ಬಂದಿತ್ತು. ಗೌಡರ ಹಣೆ ಮುಟ್ಟಿದೆ. ಬೆಚ್ಚಗಿತ್ತು.

ಸಾಹೇಬರು ಪಕ್ಕದ ಕೋಣೆಯಲ್ಲಿ ಡಿಸ್ಚಾರ್ಜ್ ಕಾಗದ ಬರೆಯುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಕೇಳದೆ ನಾನು ಬಾಯಿ ತೆರೆದವಳಲ್ಲ. ಮೊದಲು ಕೈತೊಳೆಯುವ ತೊಟ್ಟಿಯ ಮುಂದೆ ನಿಂತು ನಲ್ಲಿಗೆ ಹೇಳಿದೆ: “ಸಾರ್, ಲೆಕ್ಕ ತಪ್ಪಿದೆ.” ನಲ್ಲಿಗೂ ಕೇಳಿಸಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಗೌಡರ ಮನೆಯವರು ಅವರನ್ನು ಕೂರಿಸಿಕೊಳ್ಳಲು ಗಾಲಿಕುರ್ಚಿ ಕೇಳಿದ್ದು ಕೇಳಿಸಿತು. ಆಮೇಲೆ ಹೇಗೆ ಒಳಗೆ ಹೋದೆನೋ ಗೊತ್ತಿಲ್ಲ.

“ಸಾರ್, ಗೌಡರನ್ನು ಕಳಿಸಬೇಡಿ!”

ಬಂದದ್ದು ಕಿರುಚಾಟ. ಸಾಹೇಬರ ಕೈಯ ಪೆನ್ನು ಬಿತ್ತು. ಹಿಂದಿನಿಂದ ಆಯಾ “ನಮ್ಮ ಪುಟ್ಟತಾಯಕ್ಕನಾ!” ಎಂದಳು. ನಾನು ಚಾರ್ಟ್ ಮುಂದಿಟ್ಟು, ಹಾಕಿದ ನೀರನ್ನು ಕಳೆಯದೆ ಬರೆದಿದ್ದೇನೆ, ತಪ್ಪು ನನ್ನದು ಎಂದು ಹೇಳಿದೆ. ಅವರು ಕೂಗಾಡುತ್ತಾರೆಂದು ಕಣ್ಣು ಮುಚ್ಚಿಕೊಂಡಿದ್ದೆ. ಕೂಗಾಡಲಿಲ್ಲ. ಚಾರ್ಟನ್ನೇ ನೋಡುತ್ತಾ ಕೂತರು. “ದಿನಾ ನಾನೂ ನೋಡಿದೀನಲ್ಲಮ್ಮ, ನನಗೂ ಹೊಳೀಲಿಲ್ಲ” ಎಂದರು. ಆಮೇಲೆ ಕೇಳಿದರು: “ಕಂಡುಹಿಡಿದಿದ್ದು ಯಾರು?”

“ಡೇರಿಯವರು, ಸಾರ್.”

ರೇಷ್ಮಾ ಡಾಕ್ಟರು ಒಂದು ಗಂಟೆಯಲ್ಲಿ ಬಂದರು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ ಮತ್ತೆ ಊದಿತ್ತು, ನಳಿಗೆಯ ಸುರುಳಿ ಎಳೆದುಕೊಂಡು ಸೂಜಿ ಚುಚ್ಚಿದ ತೂತಿನ ಅಂಚಿಗೆ ಬಂದಿತ್ತು. “ಇದನ್ನ ಯಾರೋ ಎಳೀತಾ ಇದಾರೆ” ಎಂದು ಗೌಡರ ಪಂಚೆ ಸಡಿಲಿಸಿ ನೋಡಿದರು. ಗೌಡರ ಉಪಾಯ ಬಯಲಾಯಿತು. ಚೀಲ ಕಾಲಿಗೆ ಬಡಿಯಬಾರದೆಂದು ನಳಿಗೆಯನ್ನು ಸೊಂಟದ ಉಡಿದಾರಕ್ಕೆ ಸುತ್ತಿ ಗಂಟು ಹಾಕಿಕೊಂಡಿದ್ದರು. ಬಗ್ಗಿದಾಗ, ಎದ್ದಾಗ, ಕೂತಾಗಲೆಲ್ಲ ಉಡಿದಾರ ನಳಿಗೆಯನ್ನು ಎಳೆಯುತ್ತಿತ್ತು.

“ಎಮ್ಮೆ ಹಗ್ಗ ಕಾಲಿಗೆ ಸಿಕ್ಕದಂಗೆ ಕೊಂಬಿಗೆ ಸುತ್ತಾಕಿಲ್ವಾ ತಾಯಿ, ಅಂಗೆ” ಎಂದರು ಗೌಡರು.

ರೇಷ್ಮಾ ಡಾಕ್ಟರು ಕತ್ತರಿ ಕೇಳಿದರು. ಬಾಗಿಲಲ್ಲಿ ಇಣುಕುತ್ತಿದ್ದ ಕಾಳಮ್ಮ ಚೀರಿದರು. “ಉಡಿದಾರ ಕುಯ್ಯಬ್ಯಾಡಿ! ಉಸಿರಿರೋ ಗಂಡಸಿನ ಉಡಿದಾರ ಕುಯ್ತಾರಾ? ನನ್ ತಾಳಿ ಗತಿಯೇನು!”

ಗಂಟು ಬೆವರಿಗೆ ನೆನೆದು ಕಲ್ಲಾಗಿತ್ತು. ನಾನು ಪ್ರಯತ್ನಿಸಿದೆ, ಆಯಾ ಪ್ರಯತ್ನಿಸಿದಳು. ಎಳೆದರೆ ನಳಿಗೆಯೇ ಬರುತ್ತಿತ್ತು. ಸಾಹೇಬರು ಹೊರಗೆ ನೋಡಿ “ಏ ಡೇರಿ, ಬಾರಯ್ಯ ಇಲ್ಲಿ. ಕೈ ತೊಳ್ಕೊಂಡು ಬಾ” ಎಂದರು.

ಕೆಂಪಣ್ಣ ಮಂಚದ ಪಕ್ಕದಲ್ಲಿ ಮಂಡಿಯೂರಿದ. ನಾನು ನಳಿಗೆಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡೆ. ಅವನು ಉಸಿರು ಬಿಗಿಹಿಡಿದು ಉಗುರಿನ ತುದಿಯಲ್ಲಿ ಒಂದೊಂದೇ ಎಳೆ ಸಡಿಲಿಸಿದ. ಕಾಳಮ್ಮ ಈಗ ಗೋಡೆಯ ಕಡೆ ತಿರುಗಿರಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತಿದ್ದರು. “ಮೆಲ್ಲಗೆ ಕಣಪ್ಪ” ಎಂದರು. ಆ ವಾರದಲ್ಲಿ ಅವನ ಜೊತೆ ಆಡಿದ ಮೊದಲ ನೆಟ್ಟಗಿನ ಮಾತು ಅದೇ.

ಗಂಟು ಬಿಚ್ಚಿತು. ಹಳೆಯ ನಳಿಗೆಯೊಳಗೇ ತಂತಿ ತೂರಿಸಿ, ಅದನ್ನು ತೆಗೆದು, ಹೊಸದನ್ನು ಆಳಕ್ಕೆ ಇಳಿಸಿದರು. ಕೂಡಲೇ ಕಪ್ಪು ಹಸಿರು ಪಿತ್ತ ಗಳಗಳ ಇಳಿಯಿತು. ಕೆಂಪಣ್ಣ ಬಗ್ಗಿ ನೋಡಿ “ಇದು ಗಟ್ಟಿ” ಎಂದ. ಮರುದಿನ ಗೌಡರ ಜ್ವರ ಬಿಟ್ಟಿತು.

ಆ ಮಧ್ಯಾಹ್ನ ಸಾಹೇಬರು ನನಗೆ ಅಡಿಕೋಲು ಕೊಟ್ಟು ಚಾರ್ಟಿನಲ್ಲಿ ಹೊಸ ಗೆರೆ ಎಳೆಸಿದರು. ಒಳಕ್ಕೆ ಹಾಕಿದ್ದೆಷ್ಟು, ಚೀಲಕ್ಕೆ ಬಂದದ್ದೆಷ್ಟು, ಕಳೆದು ಉಳಿದದ್ದೆಷ್ಟು ಎಂದು ಮೂರು ಮನೆ. ಅಂದಿನಿಂದ ಅಲ್ಲಿ ಹಾಗೇ ಬರೆಯುತ್ತಾರೆ. ಸಿಂಚನಾ, ನಿನ್ನ ವಾರ್ಡಿನಲ್ಲಿ ಅಂಥ ಮನೆಗಳಿಲ್ಲದಿದ್ದರೆ ನೀನೇ ಗೆರೆ ಎಳೆದುಕೋ. ಯಾರಾದರೂ ಹೊರಗಿನವರು ಬಂದು ನಿನ್ನ ಕೆಲಸದಲ್ಲಿ ಏನೋ ಸರಿಯಿಲ್ಲ ಎಂದರೆ, ರೇಗುವ ಮೊದಲು ನಿನ್ನ ಕೈಯಲ್ಲೇನಿದೆ ನೋಡಿಕೋ.

ಆರು ವಾರದ ಮೇಲೆ ಗೌಡರು ಸೋಸಲೆಯಿಂದ ಬಂದರು. ನಳಿಗೆಯಲ್ಲಿ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿದರು. ಒಳದಾರಿ ತೆರೆದಿತ್ತು. ಹೃದಯದ ಡಾಕ್ಟರು ಆಪರೇಷನ್ ಬೇಡವೆಂದೇ ಹೇಳಿದ್ದರಿಂದ ನಳಿಗೆ ತೆಗೆದು, ಮತ್ತೆ ನೋವು ಬಂದರೆ ತಡಮಾಡದೆ ಬರಲು ಹೇಳಿ, ಸಣ್ಣ ಪಟ್ಟಿ ಅಂಟಿಸಿದೆವು. ಹೊಸ ಸೊಸೆಯೂ ಜೊತೆಗೆ ಬಂದಿದ್ದಳು. ಕಾಳಮ್ಮ ಅವಳ ಕೈ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

“ಸಿಸ್ಟ್ರಮ್ಮ, ಮದ್ದೆಲ್ಲ ಹೋಯ್ತಾ?”

“ಅದು ಪಿತ್ತ, ಅಮ್ಮ” ಎಂದೆ. ಈ ಸಲ ಜೋರಾಗಿಯೇ ಹೇಳಿದೆ. ಪಕ್ಕದ ವಾರ್ಡಿನವರೂ ತಿರುಗಿ ನೋಡಿದರು.

“ಆಗ್ಲಿ ಬುಡಿ, ಯಾಕಿಂಗೆ ಕೂಗ್ತೀರಿ” ಎಂದರು ಕಾಳಮ್ಮ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಗುಟ್ಟು ಹೇಳಿದರು: “ಯೋಚ್ನೆ ಮಾಡ್ದೆ ಕಣವ್ವ. ನಮ್ ಬೀಗ್ರು ಹಾಕಿರಕ್ಕಿಲ್ಲ. ಉಡಿದಾರ ಉಳಿಸಿದ ಕೈ ಅದು. ಅಡುಗೆಗೆ ಬಂದಿದ್ನಲ್ಲ, ಆ ಬಾಣಸಿಗನೇ ಇರಬೇಕು.” ಮತ್ತೆ ಸೊಸೆಯ ಕಡೆ ತಿರುಗಿ, “ನಡಿ ಮಗ, ಇಷ್ಟು ದೂರ ಬಂದಿದೀವಿ, ನಿಮ್ಮಪ್ಪನ ಮನೆಗೋಗಿ ಉಂಡ್ಕೊಂಡೇ ಹೋಗವ” ಎಂದರು.

ಗೌಡರು ಅಷ್ಟರಲ್ಲಾಗಲೇ ಎದ್ದು ಬಾಗಿಲ ಹತ್ತಿರ ಇದ್ದರು.

ಸಾಕು, ಕೈ ನೋಯುತ್ತಿದೆ. ಹಾಳೆಗಳು ಬಿಡಿಬಿಡಿಯಾಗಿವೆ, ಮೂಲೆಯಲ್ಲಿ ಸಂಖ್ಯೆ ಹಾಕಿದ್ದೇನೆ. ಧನು, ಇವುಗಳ ಹಿಂಬದಿ ಖಾಲಿ ಇದೆಯೆಂದು ಅದರಲ್ಲಿ ಗಣಿತ ಮಾಡಬೇಡ. ಓದಿ ನಿಮ್ಮಿಬ್ಬರಿಗೂ ನಗು ಬಂದರೆ ನಕ್ಕುಬಿಡಿ, ನನ್ನೆದುರಿಗೆ ಮಾತ್ರ ಏನೂ ಕೇಳಬೇಡಿ, ನಾಚಿಕೆಯಾಗುತ್ತದೆ. ಒಂದೂ ಕಳೆಯದಂತೆ ಜೋಡಿಸಿ, ನೀರು ಬೀಳದ ಕಡೆ ಜೋಪಾನವಾಗಿಡಿ.

ನಿಮ್ಮ ಅಜ್ಜಿ,
ಪುಟ್ಟತಾಯಿ